ರಿವಾಲ್ವರ್ ಕಲಿಯಲು ಯಾವ ವಿಡಿಯೋ ನೋಡಬೇಕು? ಭಾವನಿಗೆ ಆರಿಸಿಕೊಟ್ಟ ಮೇಲೆ ಬರೆದಿದ್ದು

ಹೋದ ಸುಗ್ಗಿಯ ಹೊತ್ತಿಗೆ ನಮ್ಮ ಭಾವನಿಗೆ ರಿವಾಲ್ವರ್ ಲೈಸೆನ್ಸ್ ಬಂತು. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಎಡಕ್ಕೆ ತಿರುಗಿ ಎರಡು ಕಿಲೋಮೀಟರ್ ಮಣ್ಣು ರಸ್ತೆ. ಅದರ ಕೊನೆಯಲ್ಲಿ ಅವರದೊಂದೇ ಮನೆ. ಕೂಗಿದರೆ ಯಾರಿಗೂ ಕೇಳುವುದಿಲ್ಲ. ಅಂಗಳದಲ್ಲಿ ಅಡಿಕೆ ಒಣಗುತ್ತಿರುತ್ತದೆ, ಮನೆಯಲ್ಲಿ ಇಬ್ಬರೇ. ಒಂದು ಕೈಕೋವಿ ಇದ್ದರೆ ಧೈರ್ಯ ಅಂತ ಅವರ ಲೆಕ್ಕ.

ರಿವಾಲ್ವರ್ ಮನೆಗೆ ಬಂದ ವಾರವೇ ನಾನು ಅಲ್ಲಿಗೆ ಹೋಗಿದ್ದೆ. ಭಾವ ಜಗಲಿಯಲ್ಲಿ ಲುಂಗಿ ಎತ್ತಿ ಕಟ್ಟಿ ನಿಂತಿದ್ದರು. ಎದುರಿಗೆ ಕಂಬಕ್ಕೆ ಒರಗಿಸಿಟ್ಟ ಮೊಬೈಲಿನಲ್ಲಿ ವಿಡಿಯೋ ಓಡುತ್ತಿತ್ತು. ಸೊಂಟದಿಂದ ಏನನ್ನೋ ಸರಕ್ಕನೆ ಎಳೆದು ತುಳಸಿಕಟ್ಟೆಗೆ ಗುರಿ ಹಿಡಿಯುತ್ತಿದ್ದರು. ಪುಣ್ಯಕ್ಕೆ ಕೈಯಲ್ಲಿದ್ದದ್ದು ಟಿವಿ ರಿಮೋಟ್.

"ಒಂದೂವರೆ ಸೆಕೆಂಡಲ್ಲಿ ತೆಗೀಬೇಕಂತೆ ಮಾರಾಯ. ಅಮೆರಿಕದವ ಹೇಳ್ತಾನೆ," ಅಂದರು.

"ಮೊದ್ಲು ಆ ರಿಮೋಟ್ ಕೊಡಿ, ವಾರ್ತೆ ನೋಡ್ಬೇಕು," ಅಂತ ಅಕ್ಕ ಒಳಗಿನಿಂದ.

ಆಮೇಲಿನ ಒಂದು ತಿಂಗಳು ನಾನೂ ಭಾವನೂ ಸೇರಿ ಇಂಥ ವಿಡಿಯೋ ಬೇಕಾದಷ್ಟು ನೋಡಿದೆವು. ನಮ್ಮನೆಯಲ್ಲಿ ಅಜ್ಜನ ಕಾಲದಿಂದ ಕೋವಿ ಇದೆ. ಪೊಲೀಸರು ನಡೆಸುವ ನಾಗರಿಕ ಬಂದೂಕು ತರಬೇತಿಗೂ ನಾನು ಹೋಗಿ ಬಂದಿದ್ದೇನೆ. ಅಷ್ಟು ಬಿಟ್ಟರೆ ನಾನೇನು ಪಂಡಿತನಲ್ಲ. ಆದರೆ ಯಾವುದನ್ನು ನೋಡಬೇಕು, ಯಾವುದನ್ನು ಬಿಡಬೇಕು ಅನ್ನುವುದು ಈಗ ಒಂದು ಮಟ್ಟಿಗೆ ಗೊತ್ತಾಗಿದೆ. ಕಲಿಸುವವನ ಕೈಚಳಕ ನೋಡಿ ವಿಡಿಯೋ ಆರಿಸಬೇಡಿ. ನಿಮ್ಮ ಹತ್ತಿರ ಇರುವ ಕೋವಿ ಯಾವುದು, ನಿಮ್ಮ ಮನೆ ಎಂಥದ್ದು, ನಮ್ಮ ಕಾನೂನು ಏನು ಹೇಳುತ್ತದೆ, ಈ ಮೂರಕ್ಕೆ ಹೊಂದುವುದನ್ನು ಆರಿಸಿ. ಹಾಗೆ ಆರಿಸಿದರೆ ಉಳಿಯುವುದು ಬಹುಪಾಲು ಬೋರು ಹೊಡೆಸುವ ವಿಡಿಯೋಗಳೇ.

ಧ್ವನಿ ಬಂದ್ ಮಾಡಿ ಎರಡು ನಿಮಿಷ

ಯಾವುದೇ ವಿಡಿಯೋ ಸಿಕ್ಕಲಿ, ಮೊದಲು ಧ್ವನಿ ಪೂರ್ತಿ ಬಂದ್ ಮಾಡಿ ಎರಡು ನಿಮಿಷ ನೋಡಿ. ಮಾತು ಕೇಳದಿದ್ದಾಗ ಕಣ್ಣು ಕೈ ಮೇಲೆ ನಿಲ್ಲುತ್ತದೆ. ಕೋವಿ ಎತ್ತಿಕೊಂಡ ಕೂಡಲೇ ಅವನು ಸಿಲಿಂಡರ್ (ತೋಟಾ ಕೂರುವ, ತಿರುಗುವ ಉರುಳೆ) ಹೊರಗೆ ತೆಗೆದು ಆರೂ ತೂತು ಖಾಲಿ ಅಂತ ತೋರಿಸಿದನೇ? ಮಾತಾಡುವಾಗ ಬೆರಳು ಟ್ರಿಗರ್ ಒಳಗಿದೆಯೋ, ಹೊರಗೆ ಚೌಕಟ್ಟಿನ ಮೇಲೆ ನೀಟಾಗಿ ಚಾಚಿದೆಯೋ? ನಳಿಗೆ ಕ್ಯಾಮೆರಾ ಹಿಡಿದವನ ಕಡೆ ತಿರುಗಿತೇ? ತನ್ನದೇ ಎಡಗೈ ಮುಂದೆ ಹಾದು ಹೋಯಿತೇ?

ಈ ಒಂದು ಪರೀಕ್ಷೆಯಲ್ಲೇ ಎಷ್ಟೋ ವಿಡಿಯೋ ಬಿದ್ದು ಹೋದವು. ಅದರಲ್ಲೂ ಹೊಸ ರಿವಾಲ್ವರ್ ಪೆಟ್ಟಿಗೆಯಿಂದ ತೆಗೆದು, ಹಾಡು ಹಾಕಿ, ತಿರುಗಿಸಿ ತಿರುಗಿಸಿ ತೋರಿಸುವ ರೀಲ್ಸ್‌ಗಳು. ಅವುಗಳ ಬಗ್ಗೆ ಇನ್ನೇನೂ ಹೇಳುವುದಿಲ್ಲ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣ ನಮ್ಮ ಮನೆಯ ಮಾಡಿನಲ್ಲೇ ಇದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅಜ್ಜನ ಕೇಪಿನ ಕೋವಿ (ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೋವಿ) ನಡುಮನೆ ಗೋಡೆಗೆ ತೂಗುತ್ತಿತ್ತು. ಖಾಲಿ ಅಂತಲೇ ಎಲ್ಲರ ನಂಬಿಕೆ. ಮಂಗ ಓಡಿಸಲು ಹೋಗಿ ಬಂದವರು ಯಾರೋ ಈಡು ತುಂಬಿದ್ದನ್ನು ಹಾಗೇ ಬಿಟ್ಟಿದ್ದರು. ಚಿಕ್ಕಪ್ಪನ ಮಗ ಅದನ್ನು ಇಳಿಸಿದ, ನೆಂಟರಿಗೆ ತೋರಿಸಲು ಮೇಲಕ್ಕೆ ಹಿಡಿದು ಟ್ರಿಗರ್ ಎಳೆದ. ಮನೆಯೆಲ್ಲ ಹೊಗೆ. ಎರಡು ಹೆಂಚು ಪುಡಿಪುಡಿ. ಅಜ್ಜ ಬೈಯಲಿಲ್ಲ, ಹೊಡೆಯಲಿಲ್ಲ. ಪುಡಿಯಾದ ಕಡೆ ಗಾಜಿನ ಹೆಂಚು ಹಾಕಿಸಿದರು. ಈಗಲೂ ಮಧ್ಯಾಹ್ನ ಹನ್ನೆರಡಕ್ಕೆ ನಡುಮನೆ ನೆಲದ ಮೇಲೆ ಒಂದು ಚೌಕ ಬಿಸಿಲು ಬೀಳುತ್ತದೆ. ಮಕ್ಕಳು ಕೇಳಿದರೆ ಕಥೆ ಹೇಳುತ್ತೇವೆ.

ಅಮೆರಿಕದ ವಿಡಿಯೋ, ಮಲೆನಾಡಿನ ಮನೆ

ಹುಡುಕಿದರೆ ಸಿಗುವುದರಲ್ಲಿ ಮುಕ್ಕಾಲು ಪಾಲು ಅಮೆರಿಕದ್ದೇ. ಅದರಲ್ಲಿ ಒಳ್ಳೆಯದೂ ಬೇಕಾದಷ್ಟಿದೆ, ಸುಳ್ಳು ಹೇಳಬಾರದು. ಕೈಕೋವಿಯ ಆಧುನಿಕ ಪಾಠಕ್ಕೆ ಒಂದು ರೂಪ ಕೊಟ್ಟವರಲ್ಲಿ ಜೆಫ್ ಕೂಪರ್ ಮುಖ್ಯ. 1976ರಲ್ಲಿ ಅರಿಝೋನಾದ ಪಾಲ್ಡನ್‌ನಲ್ಲಿ ಗನ್‌ಸೈಟ್ ಅನ್ನುವ ಶಾಲೆ ಶುರು ಮಾಡಿದವರು. ಅವರು ಹೇಳಿಕೊಟ್ಟ ನಾಲ್ಕು ನಿಯಮ ಈಗ ಎಲ್ಲ ಕಡೆ ನಡೆಯುತ್ತದೆ. ಎಲ್ಲ ಕೋವಿಯೂ ತುಂಬಿದ ಕೋವಿಯೇ. ಹಾಳಾದರೂ ಪರವಾಗಿಲ್ಲ ಅನ್ನುವಂಥದ್ದರ ಕಡೆ ಮಾತ್ರ ನಳಿಗೆ ತಿರುಗಿಸು. ಗುರಿ ಮೇಲೆ ಕಣ್ಣು ಕೂರುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಖಾತ್ರಿ ಮಾಡಿಕೋ. ನಮ್ಮ ಅಜ್ಜನ ನಡುಮನೆಗೆ ಮೊದಲನೆಯದೊಂದೇ ಸಾಕಿತ್ತು.

ಆದರೆ ಆ ವಿಡಿಯೋಗಳ ಕೋವಿ ಬೇರೆ, ನಮ್ಮದು ಬೇರೆ. ಅವರ ಕೈಯಲ್ಲಿ ಇರುವುದು ಸಾಮಾನ್ಯವಾಗಿ 9 ಎಂಎಂ ಪಿಸ್ತೂಲು. ನಮ್ಮಲ್ಲಿ 9 ಎಂಎಂ ನಿಷೇಧಿತ ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಳತೆ), ಸಾಮಾನ್ಯ ಜನಕ್ಕೆ ಸಿಗುವುದಿಲ್ಲ. ನಮ್ಮ ಕಡೆ ಲೈಸೆನ್ಸ್ ಮೇಲೆ ಕೊಳ್ಳುವವರು ಬಹುಮಟ್ಟಿಗೆ ಪಾಯಿಂಟ್ 32 ರಿವಾಲ್ವರ್ ಅಥವಾ ಪಿಸ್ತೂಲನ್ನೇ ನೋಡುತ್ತಾರೆ. ಕಾನ್ಪುರದಲ್ಲಿ ತಯಾರಾಗುವ ಪಾಯಿಂಟ್ 32 ರಿವಾಲ್ವರ್, 2014ರಲ್ಲಿ ಬಂದ ಅರ್ಧ ಕಿಲೋ ತೂಕದ ನಿರ್ಭೀಕ್ ರಿವಾಲ್ವರ್, ಬಂಗಾಳದ ಇಶಾಪುರದ ಅಶನಿ ಪಿಸ್ತೂಲು, ಹೀಗೆ. ಭಾವ ತಂದಿದ್ದು ರಿವಾಲ್ವರ್.

ಪಿಸ್ತೂಲಿನ ಪಾಠ ರಿವಾಲ್ವರ್‌ಗೆ ಹಾಕಿಕೊಂಡರೆ ಸುಮ್ನೆ ಟೈಮ್ ವೇಸ್ಟ್ ಆಗುವುದಷ್ಟೇ ಅಲ್ಲ, ಕೈ ಸುಟ್ಟುಕೊಳ್ಳುತ್ತೀರಿ. ನಿಜಕ್ಕೂ ಸುಡುತ್ತದೆ. ಪಿಸ್ತೂಲು ಹಿಡಿಯುವಾಗ ಎರಡೂ ಹೆಬ್ಬೆರಳನ್ನು ಮುಂದಕ್ಕೆ ಚಾಚಿ ಇಡಲು ಕಲಿಸುತ್ತಾರೆ. ರಿವಾಲ್ವರ್‌ನಲ್ಲಿ ಸಿಲಿಂಡರಿಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದಿ ಇರುತ್ತದೆ. ಈಡು ಹಾರಿದಾಗ ಬಿಸಿ ಗ್ಯಾಸು ಅಲ್ಲಿಂದ ಪಕ್ಕಕ್ಕೆ ಚಿಮ್ಮುತ್ತದೆ. ಚಾಚಿದ ಹೆಬ್ಬೆರಳು ಅಲ್ಲಿಗೆ ಮುಟ್ಟಿದರೆ ಗಾಯ ಖಂಡಿತ. ರಿವಾಲ್ವರ್ ಕಲಿಸುವವರು ಹೆಬ್ಬೆರಳು ಮಡಚಿ, ಒಂದರ ಮೇಲೊಂದು ಒತ್ತಿ ಹಿಡಿಯಲು ಹೇಳುತ್ತಾರೆ. ಭಾವ ರಿಮೋಟ್ ಹಿಡಿದಿದ್ದು ಪಿಸ್ತೂಲಿನ ಹಿಡಿತದಲ್ಲಿ!

ತೋಟಾ ಹಾರದೆ ಇದ್ದರೆ ಏನು ಮಾಡಬೇಕು ಅನ್ನುವುದೂ ಹಾಗೇ. ಪಿಸ್ತೂಲಿಗೆ ಮ್ಯಾಗಝೀನ್ (ಹಿಡಿಯೊಳಗಿನ ತೋಟಾ ಡಬ್ಬಿ) ತಟ್ಟಿ ಸ್ಲೈಡ್ (ಮೇಲೆ ಹಿಂದೆಮುಂದೆ ಜಾರುವ ಭಾಗ) ಎಳೆಯುವ ಕಸರತ್ತು. ರಿವಾಲ್ವರ್‌ನಲ್ಲಿ ಎಳೆಯಲು ಸ್ಲೈಡೇ ಇಲ್ಲ. ಗುಂಡು ಹಾರಿಸಿ ಕಲಿಯುವ ರೇಂಜಿನಲ್ಲಾದರೆ ನಳಿಗೆಯನ್ನು ಗುರಿ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಬೇಕು, ತಡವಾಗಿ ಹಾರುವ ತೋಟಾ ಇರುತ್ತದೆ. 'ಢಂ' ಬದಲು 'ಟುಪ್' ಅಂತ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಬೇಕು. ಗುಂಡು ನಳಿಗೆಯೊಳಗೆ ಸಿಕ್ಕಿಕೊಂಡಿರಬಹುದು, ಹಿಂದೆಯೇ ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತದೆ. ಈ ಎರಡು ಮಾತು ಹೇಳದ ರಿವಾಲ್ವರ್ ವಿಡಿಯೋ ಅರ್ಧ ಪಾಠ.

ಮಳೆಯ ವಿಷಯ ಬೇರೆ. ಅರಿಝೋನಾ ಒಣ ಸೀಮೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಸುರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಚಪ್ಪಲಿ ಬೂಸ್ಟು ಹಿಡಿಯುತ್ತದೆ, ಉಪ್ಪು ನೀರಾಗುತ್ತದೆ. ಅಲ್ಲಿನವನು ಚರ್ಮದ ಹೋಲ್‌ಸ್ಟರಿನಲ್ಲೇ (ಸೊಂಟಕ್ಕೆ ಕಟ್ಟುವ ಕೋವಿಚೀಲ) ಕೋವಿ ಇಟ್ಟು ಕಪಾಟು ಮುಚ್ಚಿದರೆ ನಡೆಯುತ್ತದೇನೋ. ಇಲ್ಲಿ ಚರ್ಮ ತೇವ ಹೀರಿಕೊಂಡು ಕಬ್ಬಿಣಕ್ಕೆ ದಾಟಿಸುತ್ತದೆ, ತುಕ್ಕು ಹಿಡಿಯಲು ತಡವಾಗುವುದಿಲ್ಲ. ಹೋಲ್‌ಸ್ಟರ್ ಬೇರೆ, ಕೋವಿ ಬೇರೆ ಇಡಬೇಕು. ತೆಳುವಾಗಿ ಎಣ್ಣೆ ಸವರಿ, ಸಿಲಿಕಾ ಜೆಲ್ ಹಾಕಿದ ಬೀಗದ ಪೆಟ್ಟಿಗೆಯಲ್ಲಿಟ್ಟು, ವಾರಕ್ಕೊಮ್ಮೆ ತೆಗೆದು ನೋಡಬೇಕು. ಸ್ವಚ್ಛ ಮಾಡುವ ವಿಡಿಯೋ ಆರಿಸುವಾಗ ತೇವದ ಊರಿನವರು, ಸಮುದ್ರದ ಬದಿಯವರು ಮಾಡಿದ್ದನ್ನು ಹುಡುಕಿ.

ಬಗೆಬಗೆಯ ವಿಡಿಯೋಗಳು

ಸೊಂಟದಿಂದ ಸರ್ರನೆ ಎಳೆಯುವ ವಿಡಿಯೋಗಳು ಜಾಸ್ತಿ ಜನ ನೋಡುವಂಥವು, ಭಾವ ಬಿದ್ದಿದ್ದೂ ಅದಕ್ಕೇ. ಜೀನ್ಸು, ಗಟ್ಟಿ ಬೆಲ್ಟು, ಅದಕ್ಕೆ ತಕ್ಕ ಹೋಲ್‌ಸ್ಟರ್ ಇರುವವರಿಗೆ ಅದು. ಲುಂಗಿ ಮಡಿಲಿನಲ್ಲಿ ರಿವಾಲ್ವರ್ ಇಟ್ಟುಕೊಳ್ಳುವ ಯೋಚನೆ ಯಾರಿಗಾದರೂ ಇದ್ದರೆ ಈಗಲೇ ಬಿಟ್ಟುಬಿಡಿ. ನಮ್ಮ ನಿಯಮದಲ್ಲಿ ಸಾರ್ವಜನಿಕ ಜಾಗದಲ್ಲಿ ಕೈಕೋವಿ ಹೋಲ್‌ಸ್ಟರಿನಲ್ಲೇ ಇರಬೇಕು. ಮೆರವಣಿಗೆಗೆ, ಸಭೆಗೆ, ಶಾಲೆ ಕಾಲೇಜಿನ ಆವರಣಕ್ಕೆ ಒಯ್ಯುವಂತಿಲ್ಲ. ವರ್ಷದಲ್ಲಿ ಮುನ್ನೂರು ದಿನ ಪೆಟ್ಟಿಗೆಯಲ್ಲಿ ಮಲಗುವ ಕೋವಿಯನ್ನು ಮಿಂಚಿನ ಹಾಗೆ ಎಳೆಯುವ ವಿದ್ಯೆ ನಮಗೆ ಯಾಕೆ?

ಇವೇ ವಿಡಿಯೋಗಳಲ್ಲಿ '21 ಅಡಿ' ಅನ್ನುವ ಮಾತು ಪದೇ ಪದೇ ಬರುತ್ತದೆ. ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ಡೆನಿಸ್ ಟ್ಯೂಲರ್ ಮಾಡಿ ನೋಡಿ 1983ರಲ್ಲಿ ಬರೆದಿದ್ದು. ಚಾಕು ಹಿಡಿದವನು 21 ಅಡಿಯನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ಓಡಿ ಬರುತ್ತಾನೆ ಅಂತ. ನಾವೂ ನೋಡಿಬಿಡೋಣ ಅಂತ ಅಡಿಕೆ ಸಸಿ ನೆಡುವಾಗ ಅಳೆಯುವ ಟೇಪು ತಂದೆವು. ತುಳಸಿಕಟ್ಟೆಯಿಂದ ಜಗಲಿ ಮೆಟ್ಟಿಲಿಗೆ 19 ಅಡಿ. ಅಕ್ಕನ ಮಗ ಕಟ್ಟೆ ಹತ್ತಿರ ನಿಂತ, ಕೈಯಲ್ಲಿ ಬಾಳೆದಿಂಡಿನ ತುಂಡು. ಭಾವನ ಸೊಂಟದಲ್ಲಿ ಒಂದು ಮರದ ತುಂಡು. ನಾನು 'ಹೂಂ' ಅಂದೆ. ಹುಡುಗ ಬಂದು ಭಾವನ ಹೊಟ್ಟೆಗೆ ಬಾಳೆದಿಂಡು ಚುಚ್ಚಿದಾಗ ಅವರ ಕೈ ಇನ್ನೂ ಲುಂಗಿ ಗಂಟಿನಲ್ಲೇ ಇತ್ತು. ಮೂರು ಸಲ ಮಾಡಿದರೂ ಅಷ್ಟೇ. ದೂರ ಇದ್ದಾಗಲೇ ಬಾಗಿಲು ಹಾಕಿಕೋ ಅನ್ನುವುದು ಇದರಿಂದ ಕಲಿಯಬೇಕಾದ ಪಾಠ. ಕೆಲವು ವಿಡಿಯೋದವರು ಇದನ್ನೇ ತಿರುಗಿಸಿ, 21 ಅಡಿಯೊಳಗೆ ಬಂದವನಿಗೆ ಹೊಡೆಯಬಹುದು ಅನ್ನುವ ಕಾನೂನಿನ ಹಾಗೆ ಹೇಳುತ್ತಾರೆ. ಅಂಥ ಕಾನೂನು ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ. ಹಾಗೆ ಹೇಳಿದವನ ವಿಡಿಯೋ ಅಲ್ಲಿಗೇ ಮುಚ್ಚಿ.

ಮನೆ ಕಾಯುವ ವಿಡಿಯೋಗಳಲ್ಲಿ ಎರಡು ಜಾತಿ. ಒಂದರಲ್ಲಿ ಟಾರ್ಚು ಹಿಡಿದು ಕೋಣೆ ಕೋಣೆ ಹುಡುಕಿಕೊಂಡು ಹೋಗುತ್ತಾರೆ. ನೋಡಲು ಸಿನಿಮಾ ಇದ್ದ ಹಾಗೆ. ಇನ್ನೊಂದರಲ್ಲಿ ಮನೆಯವರನ್ನೆಲ್ಲ ಒಂದು ಕೋಣೆಗೆ ಸೇರಿಸಿ, ಬಾಗಿಲು ಹಾಕಿ, ಫೋನ್ ಮಾಡಿ, ಅಲ್ಲೇ ಕೂರಲು ಹೇಳುತ್ತಾರೆ. ನೋಡಲು ಸಪ್ಪೆ. ಎರಡನೆಯದನ್ನೇ ಆರಿಸಿ. ಫೋನ್ ನಂಬರ್ ಮಾತ್ರ ಅವರು ಹೇಳುವ 911 ಅಲ್ಲ, ನಮ್ಮದು 112. ಸಿಗ್ನಲ್ ಸಿಗದ ಮನೆಯಾದರೆ ಎಲ್ಲಿ ನಿಂತರೆ ಎರಡು ಕಡ್ಡಿ ಬರುತ್ತದೆ ಅಂತ ಈಗಲೇ ನೋಡಿಟ್ಟುಕೊಳ್ಳಿ. ಭಾವನ ಮನೆಯಲ್ಲಿ ಅದು ಅಟ್ಟದ ಮೆಟ್ಟಿಲಿನ ಐದನೇ ಹಂತ.

ರಾತ್ರಿ ನಾಯಿ ಬೊಗಳಿತು ಅಂತ ಕೋವಿ ಹಿಡಿದು ತೋಟಕ್ಕೆ ಇಳಿಯುವುದಂತೂ ಬೇಡವೇ ಬೇಡ. ಹೆಚ್ಚಿನ ಸಲ ಅದು ಹಂದಿ, ಇಲ್ಲ ಮುಳ್ಳುಹಂದಿ, ಇಲ್ಲ ಹಸು ಹುಡುಕಿಕೊಂಡು ಬಂದ ಕೆಳಗಿನ ಮನೆಯವನು. ಪ್ರಾಣಿ ಅಂತ ತಿಳಿದು ಮನುಷ್ಯರಿಗೆ ಈಡು ಬಿದ್ದ ಸುದ್ದಿಯನ್ನು ಮಲೆನಾಡಿನವರು ಪೇಪರಿನಲ್ಲಿ ಎಷ್ಟು ಸಲ ಓದಿಲ್ಲ?

ಸ್ಪರ್ಧೆಯವರ ವಿಡಿಯೋಗಳನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ. ನನಗೆ ಅವೇ ಇಷ್ಟವಾದವು. ಪ್ಯಾರಿಸ್‌ನಲ್ಲಿ 2024ರಲ್ಲಿ ಮನು ಭಾಕರ್ ಪದಕ ಗೆದ್ದ 10 ಮೀಟರ್ ಏರ್ ಪಿಸ್ತೂಲು ಇದೆಯಲ್ಲ, ಅದರ ಪಾಠಗಳು. ಅಲ್ಲಿ ಹತ್ತು ಅಂಕದ ವೃತ್ತ 11.5 ಮಿಲಿಮೀಟರ್, ನಮ್ಮ ಕಿರುಬೆರಳಿನ ಉಗುರಿನಷ್ಟು. ಅದಕ್ಕೆ ಹೊಡೆಯಬೇಕಾದರೆ ಟ್ರಿಗರ್ ಒತ್ತುವುದನ್ನೇ ತಿಂಗಳುಗಟ್ಟಲೆ ಕಲಿಯಬೇಕು. ಒಂದೇ ಕೈಯಲ್ಲಿ ಹಿಡಿಯುತ್ತಾರೆ, ಟ್ರಿಗರ್ ಹಗುರ, ಅವಸರ ಇಲ್ಲ, ಇದೆಲ್ಲ ವ್ಯತ್ಯಾಸ ನಿಜ. ಆದರೆ ಕಣ್ಣು, ಉಸಿರು, ಬೆರಳು ಮೂರನ್ನೂ ಒಟ್ಟಿಗೆ ತರುವುದನ್ನು ಇಷ್ಟು ತಾಳ್ಮೆಯಿಂದ ಬೇರೆ ಯಾರೂ ಹೇಳಿಕೊಡುವುದಿಲ್ಲ. ಇನ್ನೊಂದು ಲಾಭ ಇದೆ. 4.5 ಮಿಲಿಮೀಟರ್ ಬೋರಿನ, 20 ಜೂಲ್ ಶಕ್ತಿಯೊಳಗಿನ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಡ. ಕಲಿಯಲು ತೋಟಾ ಸುಡಬೇಕಾಗಿಲ್ಲ.

ತೋಟಾ ವಿಷಯ ಬಂತಲ್ಲ. ದುಡ್ಡು ಕೊಟ್ಟು ನೋಡುವ ಅಮೆರಿಕದ ಕೋರ್ಸುಗಳಲ್ಲಿ ಎರಡು ದಿನದ ಪಾಠಕ್ಕೆ ನೂರಾರು ತೋಟಾ ಬೇಕಾಗುತ್ತದೆ. ನಮ್ಮಲ್ಲಿ ಲೈಸೆನ್ಸಿನಲ್ಲಿ ಬರೆದಷ್ಟೇ ಸಿಗುವುದು, ಬೆಲೆಯೂ ದುಬಾರಿ. ಡಾಲರ್ ಕೊಟ್ಟು ಆ ಪಾಠ ತರಿಸಿದರೆ ಅಡುಗೆ ಪುಸ್ತಕ ಇದೆ, ಅಕ್ಕಿ ಇಲ್ಲ ಅಂದ ಹಾಗೆ. ಅದಕ್ಕೇ ತೋಟಾ ಇಲ್ಲದೆ ಮಾಡುವ ಅಭ್ಯಾಸದ ವಿಡಿಯೋ ನಮಗೆ ಹೊಂದುತ್ತದೆ. ಒಳ್ಳೆಯದನ್ನು ಗುರುತಿಸುವುದು ಸುಲಭ. ನಿಜವಾದ ತೋಟಾ ಬೇರೆ ಕೋಣೆಯಲ್ಲಿರಬೇಕು ಅಂತ ಮೊದಲು ಹೇಳುತ್ತಾನೆ. ಗಟ್ಟಿ ಗೋಡೆ ಕಡೆಗೇ ನಿಲ್ಲಿಸುತ್ತಾನೆ. ಡಮ್ಮಿ ತೋಟಾ ಬಳಸುತ್ತಾನೆ. ಪಾಯಿಂಟ್ 22 ಕೋವಿಯನ್ನು ಖಾಲಿ ಹೊಡೆಯಬೇಡಿ, ತೋಟಾಕ್ಕೆ ಬಡಿಯುವ ಪಿನ್ನು ಅಂಚಿಗೆ ಬಡಿದು ಹಾಳಾಗುತ್ತದೆ ಅಂತ ಎಚ್ಚರಿಸುತ್ತಾನೆ. ಅಭ್ಯಾಸ ಮುಗಿದ ಮೇಲೆ 'ಮುಗಿಯಿತು' ಅಂತ ಬಾಯಿಬಿಟ್ಟು ಹೇಳಿ ಕೋವಿ ಎತ್ತಿಡಲು ಹೇಳುವವನು ಸಿಕ್ಕರೆ ಅವನನ್ನು ಬಿಡಬೇಡಿ. 'ಇನ್ನೊಂದೇ ಸಲ' ಅಂತ ಎತ್ತಿಕೊಂಡಾಗಲೇ ಅನಾಹುತ ಆಗುವುದು.

ತೋಟದಲ್ಲಿ ನಿಜವಾದ ತೋಟಾ ಹಾಕಿ ಪ್ರಾಕ್ಟೀಸ್ ಮಾಡುವ ಆಸೆ ಬೇಡ. ರಿವಾಲ್ವರಿನ ಗುಂಡು ಅರ್ಧ ಕಿಲೋಮೀಟರಿಗೂ ಆಚೆ ಹೋಗುತ್ತದೆ, ಅಡಿಕೆ ಮರ ಅದನ್ನು ತಡೆಯುವುದಿಲ್ಲ. ಆಯುಧ ಕಾಯ್ದೆಗೆ 2019ರ ತಿದ್ದುಪಡಿ ಆದ ಮೇಲೆ ಬೇಜವಾಬ್ದಾರಿಯಿಂದ ಗುಂಡು ಹಾರಿಸಿ ಬೇರೆಯವರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಕಾನೂನು ಹೇಳುವ ವಿಡಿಯೋ

ಇಲ್ಲಿ ಎಡವಿದರೆ ಬಾಳು ಹಾಳು. ಅಮೆರಿಕದಲ್ಲಿ ಮಸಾದ್ ಅಯೂಬ್ ಅಂತ ಒಬ್ಬರಿದ್ದಾರೆ. 1981ರಿಂದ ಹೊಡೆಯುವುದರ ಜೊತೆಗೆ ಯಾವಾಗ ಹೊಡೆಯಬಾರದು, ಆಮೇಲೆ ಕೋರ್ಟಿನಲ್ಲಿ ಏನಾಗುತ್ತದೆ ಅನ್ನುವುದನ್ನೂ ಕಲಿಸಿಕೊಂಡು ಬಂದವರು. ಅವರ ಮಾತು ಕೇಳಲು ಯೋಗ್ಯ, ಆದರೆ ಅವರು ಹೇಳುವ ಕಾನೂನು ಅವರ ದೇಶದ್ದು. ಅಲ್ಲಿ ಫ್ಲೋರಿಡಾದಂಥ ರಾಜ್ಯಗಳಲ್ಲಿ 2005ರಿಂದ ಹಿಂದೆ ಸರಿಯದೆ ನಿಂತು ಎದುರಿಸಬಹುದು ಅನ್ನುವ ಕಾನೂನಿದೆ. ಅದನ್ನು ಕೇಳಿಕೊಂಡು ಹೊಸನಗರದಲ್ಲಿ ಹೊಡೆಯಲು ಹೋಗುವ ಹಾಗಿಲ್ಲ.

ನಮ್ಮದು ಭಾರತೀಯ ನ್ಯಾಯ ಸಂಹಿತೆ, 2024ರ ಜುಲೈ 1ರಿಂದ ಜಾರಿಯಲ್ಲಿದೆ. ಸೆಕ್ಷನ್ 34ರಿಂದ 44ರವರೆಗೆ ಖಾಸಗಿ ರಕ್ಷಣೆಯ ಹಕ್ಕು. 37 ಓದಿ. ಪೊಲೀಸರ ಸಹಾಯ ಪಡೆಯಲು ಸಮಯ ಇದ್ದರೆ ಈ ಹಕ್ಕು ಇಲ್ಲ, ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಜೀವ ತೆಗೆಯುವ ಮಟ್ಟಕ್ಕೆ ಹಕ್ಕು ಯಾವಾಗ ಹೋಗುತ್ತದೆ ಅನ್ನುವುದು ದೇಹದ ವಿಷಯಕ್ಕೆ 38ರಲ್ಲಿ, ಆಸ್ತಿಯ ವಿಷಯಕ್ಕೆ 41ರಲ್ಲಿದೆ.

ನಾನು ಭಾವನಿಗೆ ಕೇಳಿದೆ, "ಅಂಗಳದಿಂದ ಒಬ್ಬ ಒಂದು ಚೀಲ ಅಡಿಕೆ ಹೊತ್ತುಕೊಂಡು ಓಡ್ತಿದ್ದಾನೆ ಅಂತಿಟ್ಕೊಳ್ಳಿ. ಏನ್ಮಾಡ್ತೀರಿ?"

"ಕಾಲಿಗೆ ಹೊಡೀತೀನಿ."

"ಹೊಡೆದ್ರೆ ಜೈಲಿಗೆ ಹೋಗೋದು ನೀವು ಭಾವ. ಅಡಿಕೆ ಕದ್ದವ್ನು ಸಾಕ್ಷಿ ಹೇಳೋಕೆ ಬರ್ತಾನೆ."

ಬರೀ ಕಳ್ಳತನ, ಜೀವಕ್ಕಾಗಲೀ ದೊಡ್ಡ ಪೆಟ್ಟಿಗಾಗಲೀ ಭಯವಿಲ್ಲ ಅಂದರೆ 41 ಆ ಮಟ್ಟಕ್ಕೆ ಹೋಗುವುದಿಲ್ಲ. ಬೆನ್ನು ಹಾಕಿ ಓಡುವವನಿಂದ ನಿಮಗೆ ಎಂಥ ಜೀವಭಯ? ಕೈಕೋವಿಯಲ್ಲಿ 'ಕಾಲಿಗೆ' ಅನ್ನುವುದೂ ಸಿನಿಮಾ ಮಾತು. ಓಡುವ ಕಾಲಿಗೆ ಗುರಿಯಿಟ್ಟ ಗುಂಡು ಎಲ್ಲಿ ಹೋಗಿ ಬೀಳುತ್ತದೋ ಬಲ್ಲವರಿಲ್ಲ. ಕಾನೂನಿನ ಮಟ್ಟಿಗೆ ವಿದೇಶದ ವಿಡಿಯೋ ಎಲ್ಲ ಬಿಟ್ಟು, ನಮ್ಮ ವಕೀಲರು ಸೆಕ್ಷನ್ ಓದಿ ವಿವರಿಸುವುದನ್ನೇ ನೋಡಿ. ಹಳೆಯ ಐಪಿಸಿ 96ರಿಂದ 106 ಅಂತ ಹೇಳುತ್ತಿದ್ದರೆ ಅದು 2024ಕ್ಕೆ ಮುಂಚಿನ ವಿಡಿಯೋ. ವಿಷಯ ಬಹುಪಾಲು ಅದೇ ಆದರೂ ನಂಬರ್ ಬದಲಾಗಿದೆ.

ವಿಡಿಯೋಗೆ ಕಾಣದ್ದು

ಎಷ್ಟೇ ಒಳ್ಳೆಯ ವಿಡಿಯೋ ಆದರೂ ಅದನ್ನು ನಾವು ನೋಡುತ್ತೇವೆ, ಅದು ನಮ್ಮನ್ನು ನೋಡುವುದಿಲ್ಲ. ತರಬೇತಿಯಲ್ಲಿ ನನ್ನ ಹಿಂದೆ ಒಬ್ಬ ಹಿರಿಯ ಪೇದೆ ನಿಂತಿದ್ದರು, ಕೈಯಲ್ಲಿ ಒಂದು ಸಣ್ಣ ಬೆತ್ತ. ನಾನು ಗುರಿ ಇಳಿಸಿದ ಮೇಲೂ ಬೆರಳು ಟ್ರಿಗರಿನಲ್ಲೇ ಉಳಿದಿತ್ತಂತೆ. ನನಗೆ ಗೊತ್ತೇ ಇಲ್ಲ. ಬೆತ್ತದ ತುದಿಯಿಂದ ಬೆರಳಿಗೆ ಮೆಲ್ಲಗೆ ತಟ್ಟಿದರು, ಏನೂ ಮಾತಾಡಲಿಲ್ಲ. ನಾಲ್ಕು ಸಲ ತಟ್ಟಿಸಿಕೊಂಡ ಮೇಲೆ ಬೆರಳು ತಾನಾಗೇ ಹೊರಗೆ ಬರಲು ಕಲಿಯಿತು. 2016ರ ಆಯುಧ ನಿಯಮಗಳಲ್ಲಿ ಸುರಕ್ಷತೆಯ ತರಬೇತಿ ಸೇರಿಸಿರುವುದು ಸುಮ್ಮನೆ ಅಲ್ಲ. ಅದನ್ನು ಕಾಗದಕ್ಕೆ ಸಹಿ ಹಾಕಿಸುವ ಕೆಲಸ ಅಂತ ಮುಗಿಸಬೇಡಿ. ಮೊದಲು ತರಬೇತಿ, ಆಮೇಲೆ ಮರೆಯದಿರಲು ವಿಡಿಯೋ. ಮೊಬೈಲಿನಲ್ಲಿ ನಿಮ್ಮ ಅಭ್ಯಾಸವನ್ನೇ ಪಕ್ಕದಿಂದ ರೆಕಾರ್ಡ್ ಮಾಡಿ ನೋಡಿಕೊಂಡರೆ ಬೆತ್ತದ ಕೆಲಸ ಸ್ವಲ್ಪ ಆಗುತ್ತದೆ.

ಭಾವ ಕೊನೆಗೆ ಉಳಿಸಿಕೊಂಡಿದ್ದು ನಾಲ್ಕೇ ವಿಡಿಯೋ. ರಿವಾಲ್ವರ್ ಹಿಡಿಯುವುದು ಮತ್ತು ಖಾಲಿ ಮಾಡುವುದು ಒಂದು. ತೋಟಾ ಇಲ್ಲದೆ ಅಭ್ಯಾಸ ಒಂದು. ಏರ್ ಪಿಸ್ತೂಲಿನವರ ಟ್ರಿಗರ್ ಪಾಠ ಒಂದು. ಮಳೆಗಾಲಕ್ಕೆ ಎಣ್ಣೆ ಹಾಕುವುದು ಒಂದು. ಅಟ್ಟದ ಮೆಟ್ಟಿಲಿನ ಮೇಲೆ ಕೂತು ಡೌನ್‌ಲೋಡ್ ಮಾಡಿಕೊಂಡಿದ್ದಾರೆ. ಭಾನುವಾರ ತಿಂಡಿ ಆದ ಮೇಲೆ ಕಲ್ಲಿನ ಗೋಡೆ ಕಡೆ ಮುಖ ಮಾಡಿ ಕಾಲು ಗಂಟೆ ಅಭ್ಯಾಸ. ಅದಕ್ಕೂ ಮುಂಚೆ ಅಕ್ಕ ತೋಟಾಗಳನ್ನು ಎಣಿಸಿ ಅಕ್ಕಿ ಡಬ್ಬದ ಪಕ್ಕದ ಪೆಟ್ಟಿಗೆಗೆ ಹಾಕಿ ಬೀಗ ಜಡಿಯುತ್ತಾಳೆ. ಬೀಗದಕೈ ಅವಳ ಸೆರಗಿನ ಗಂಟಿನಲ್ಲಿರುತ್ತದೆ. ಚುನಾವಣೆ ಬಂತು ಅಂದರೆ ರಿವಾಲ್ವರ್ ಹೋಗಿ ಸ್ಟೇಷನ್ನಿನಲ್ಲಿ ಠೇವಣಿ ಕೂರುತ್ತದೆ. ಆಗ ಮತ್ತೆ ರಿಮೋಟ್ ಹಿಡಿಯುತ್ತಾರಂತೆ, ಹೆಬ್ಬೆರಳು ಮಡಚಿಕೊಂಡು.